ಅಲೆ ನೋಡುವ ಊರು, ಅಲೆ ಏರುವ ಊರು

ಪೋರ್ಚುಗಲ್ಲಿನ ಪಶ್ಚಿಮ ಕರಾವಳಿಗೆ ರಜೆಗೆಂದು ಹೊರಟವರಿಗೆ ಎರಡು ಹೆಸರು ಮೊದಲು ಕಿವಿಗೆ ಬೀಳುತ್ತವೆ: ಲಿಸ್ಬನ್ನಿನಿಂದ ಕಾರಿನಲ್ಲಿ ಗಂಟೆಯೊಳಗೆ ಮುಟ್ಟಬಹುದಾದ ಎರಿಸೈರಾ, ಲಿಸ್ಬನ್ನಿನಿಂದಲೇ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದ ನಜಾರೆ. ಎರಡೂ ಮೀನುಗಾರರ ಊರು, ಎರಡೂ ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತವು. ಎಲ್ಲಿ ಮನೆ ಹಿಡಿಯಬೇಕೆಂಬ ಚರ್ಚೆ ನಮ್ಮಲ್ಲಿ ಬಹಳ ದಿನ ನಡೆಯಿತು. ನನಗೆ ನಜಾರೆಯ ದೈತ್ಯ ಅಲೆ ನೋಡಬೇಕಿತ್ತು. ಮಗಳಿಗೆ ಸರ್ಫಿಂಗ್ ಹಲಗೆಯ ಮೇಲೆ ಎದ್ದು ನಿಲ್ಲಬೇಕಿತ್ತು. ಕೊನೆಗೆ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಎರಡೂ ಕಡೆ ಇದ್ದು ಬಂದೆವು.

ನಜಾರೆಯ ಅಲೆಯ ಗುಟ್ಟು ಇರುವುದು ನೀರಿನ ಕೆಳಗೆ. ಇನ್ನೂರು ಕಿ.ಮೀ.ಗೂ ಹೆಚ್ಚು ಉದ್ದದ, ಕೆಲವೆಡೆ ಐದು ಸಾವಿರ ಮೀಟರಿನಷ್ಟು ಆಳದ ಕಂದರವೊಂದು ಸಾಗರದ ತಳವನ್ನು ಸೀಳಿಕೊಂಡು ಊರಿನ ಬುಡದವರೆಗೂ ಬಂದಿದೆ. ಆಳದ ನೀರಿನಲ್ಲಿ ಅಲೆ ವೇಗವಾಗಿ ಸಾಗುತ್ತದೆ, ಆಳ ಕಡಿಮೆಯಾದಂತೆ ನಿಧಾನವಾಗುತ್ತದೆ. ಹೀಗೆ ಒಂದೇ ಅಲೆಯ ಒಂದು ಭಾಗ ಕಂದರದ ಮೇಲೆ ಧಾವಿಸಿ, ಇನ್ನೊಂದು ಭಾಗ ಪಕ್ಕದ ದಿಬ್ಬದ ಮೇಲೆ ತಡೆದು, ದಂಡೆಯ ಹತ್ತಿರ ಎರಡೂ ಓರೆಯಾಗಿ ಬಂದು ಒಂದರ ಮೇಲೊಂದು ಏರುತ್ತವೆ. ಹಾಗೆ ಏರಿದ ಅಲೆಯ ಮೇಲೆ ಅಮೆರಿಕದ ಗ್ಯಾರೆಟ್ ಮೆಕ್‌ನಮಾರ 2011ರಲ್ಲಿ ಇಳಿದಾಗ ಅದರ ಎತ್ತರ 78 ಅಡಿ. 2020ರ ಅಕ್ಟೋಬರಿನಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟಾಯ್ಡ್‌ನರ್ ಇಳಿದದ್ದು 86 ಅಡಿಯ ಅಲೆ. ಎಂಟು ಮಹಡಿಯ ಕಟ್ಟಡವೊಂದು ನಡೆದುಬಂದು ಕುಸಿದಂತೆ.

ಅದನ್ನು ನೋಡುವ ಜಾಗ ಪ್ರಾಯಾ ದು ನಾರ್ಟೆ ಎಂಬ ಉತ್ತರದ ಕಡಲತೀರದ ಮೇಲಿನ ಬಂಡೆಯ ತುದಿ. ಅಲ್ಲೊಂದು ಹಳೆಯ ಕೋಟೆ, ಅದರ ಮೇಲೆ ಕೆಂಪು ದೀಪಸ್ತಂಭ. ನಾವು ಹೋದ ಮೊದಲ ದಿನ ಕಡಲು ಸುಮ್ಮನಿತ್ತು. ಎಲ್ಲೋ ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದರೆ ಮಾತ್ರ ಇಲ್ಲಿ ಅಲೆ. ಎರಡು ದಿನ ಬಿಟ್ಟು ಬಂತು. ಮುಂಜಾನೆಯಿಂದಲೇ ಜನ ಬೆಟ್ಟ ಹತ್ತತೊಡಗಿದ್ದರು. ಮೊದಲು ಕಂಡದ್ದು ದೂರದಲ್ಲಿ ಒಂದು ಕಪ್ಪು ಗೆರೆ, ಅದು ಹತ್ತಿರ ಬಂದಂತೆ ದಪ್ಪವಾಯಿತು. ಜೆಟ್ ಸ್ಕೀ ಒಂದು ಹಗ್ಗದ ತುದಿಯಲ್ಲಿ ಒಬ್ಬನನ್ನು ಎಳೆದುತಂದು ಗೆರೆಯ ನೆತ್ತಿಯಲ್ಲಿ ಬಿಟ್ಟು ತಿರುಗಿತು. ಅವನು ಕಣ್ಣಿಗೆ ಒಂದು ಚುಕ್ಕೆ. ಚುಕ್ಕೆಯ ಹಿಂದೆ ಬಿಳಿ ಗೀರು ಇಳಿಯುತ್ತಾ ಹೋಯಿತು, ಇಳಿದಷ್ಟೂ ಹಿಂದಿನ ನೀರು ಎದ್ದೇ ಎದ್ದಿತು. ಅಲೆ ಮುರಿದ ಮೇಲೆ ಒಂದು ಕ್ಷಣ ತಡೆದು ಸದ್ದು ಬಂತು, ಕಾಲ ಕೆಳಗಿನ ಕಲ್ಲೂ ನಡುಗಿತು. ಚುಕ್ಕೆ ಮತ್ತೆ ಕಾಣುವವರೆಗೂ ಸುತ್ತ ನಿಂತ ಯಾರೂ ಮಾತಾಡಲಿಲ್ಲ. 2013ರಲ್ಲಿ ಬ್ರೆಜಿಲ್ಲಿನ ಮಾಯಾ ಗಬೈರಾ ಇದೇ ನೀರಿನಲ್ಲಿ ಸಾವಿನ ಅಂಚು ಮುಟ್ಟಿ ಬಂದವಳು. ವರ್ಷಗಳ ನಂತರ ಇಲ್ಲಿಗೇ ಮರಳಿ ಮಹಿಳೆಯರ ವಿಶ್ವದಾಖಲೆ ಬರೆದಳು. ಆ ಧೈರ್ಯದ ಅಳತೆ ನನಗೆ ಸಿಕ್ಕಿದ್ದು ಆ ಬಂಡೆಯ ಮೇಲೆ ನಿಂತಾಗಲೇ.

ಕೆಳಗಿನ ಊರಿನ ಕಡಲತೀರದಲ್ಲಿ ಬೇರೆಯೇ ಲೋಕ. ಪದರಪದರ ಲಂಗ ತೊಟ್ಟು ತಲೆಗೆ ವಸ್ತ್ರ ಕಟ್ಟಿದ ವಯಸ್ಸಾದ ಹೆಂಗಸರು ಮೀನನ್ನು ಸೀಳಿ, ಉಪ್ಪುನೀರಿನಲ್ಲಿ ಅದ್ದಿ, ಬಲೆ ಬಿಗಿದ ಮರದ ಚೌಕಟ್ಟುಗಳ ಮೇಲೆ ಬಿಸಿಲಿಗೆ ಹರಡುತ್ತಾರೆ. ಒಬ್ಬಾಕೆ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ ಮಗುಚುತ್ತಿದ್ದಳು. ಒಣಮೀನಿನ ವಾಸನೆ ಹೊತ್ತ ಆ ಗಾಳಿಯಲ್ಲಿ ಮಲ್ಪೆ, ಕಾರವಾರದವರಿಗೆ ಪರದೇಶವೇ ಅನ್ನಿಸಲಾರದು. ಬಂಡೆಯ ಮೇಲಿನ ಸೀಟಿಯು ಎಂಬ ಮೇಲೂರಿನಲ್ಲಿ ವಾಸ್ಕೋ ಡ ಗಾಮ ಇಲ್ಲಿನ ಮೇರಿ ಮಾತೆಯ ಗುಡಿಗೆ ಬಂದಿದ್ದನೆಂದು ಸಾರುವ ಕಂಬವಿದೆ. 1498ರಲ್ಲಿ ಕಾರವಾರದ ಬಳಿಯ ಅಂಜುದೀವ ದ್ವೀಪದಲ್ಲಿ ಹಡಗು ನಿಲ್ಲಿಸಿದವನೂ ಅವನೇ. ಆ ಕಂಬದ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ, ಸಂತೋಷದಿಂದಲ್ಲ.

ಇಷ್ಟೆಲ್ಲ ಇದ್ದರೂ ನಜಾರೆಯಲ್ಲಿ ಮಗಳನ್ನು ನೀರಿಗೆ ಬಿಡಲು ಮನಸ್ಸು ಬರಲಿಲ್ಲ. ಊರಿನ ಮುಂದಿನ ಮರಳೂ ಏಕಾಏಕಿ ಇಳಿಜಾರಾಗುತ್ತದೆ, ಅಲೆ ದಡದಲ್ಲೇ ಧೊಪ್ಪೆಂದು ಬೀಳುತ್ತದೆ.

ಎರಿಸೈರಾ ಹಾಗಲ್ಲ. ಸುಣ್ಣದ ಗೋಡೆ, ನೀಲಿ ಅಂಚಿನ ಮನೆಗಳು ಬಂಡೆಯ ಮೇಲೆ ಒತ್ತೊತ್ತಾಗಿವೆ. 1910ರ ಅಕ್ಟೋಬರ್ 5ರಂದು ಪೋರ್ಚುಗಲ್ಲಿನ ಕೊನೆಯ ದೊರೆ ಎರಡನೆಯ ಮನುಯೆಲ್ ದೇಶ ಬಿಟ್ಟು ದೋಣಿ ಹತ್ತಿದ್ದು ಇಲ್ಲಿನ ಬೆಸ್ತರ ಕಡಲತೀರದಿಂದ. ಕಡಲಡಿಯ ಬಂಡೆಗಳು ಅಲುಗದೆ ಇರುವುದರಿಂದ ಅಲೆಯೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಮುರಿಯುತ್ತದೆ. ಅದಕ್ಕೇ ಈ ತೀರಕ್ಕೆ 2011ರಲ್ಲಿ ಯುರೋಪಿನ ಮೊದಲ ವಿಶ್ವ ಸರ್ಫಿಂಗ್ ಮೀಸಲು ಎಂಬ ಮನ್ನಣೆ ಸಿಕ್ಕಿತು. ಇಲ್ಲಿನ ಕೋಶುಸ್ ಎಂಬ ಜಾಗದ ಅಲೆ ನುರಿತವರಿಗೆ. ಕಲಿಯುವವರಿಗೆ ಊರಿನ ದಕ್ಷಿಣಕ್ಕೆ, ಲಿಜಾಂದ್ರು ಹೊಳೆ ಕಡಲು ಸೇರುವಲ್ಲಿ ಮರಳಿನ ತೀರವಿದೆ. ಮಗಳು ಅಲ್ಲಿ ಬಿದ್ದಳು, ಎದ್ದಳು, ಉಪ್ಪುನೀರು ಕುಡಿದಳು, ಕಡೆಗೊಮ್ಮೆ ಮೊಣಕಾಲು ಬಗ್ಗಿಸಿ ನಿಂತೇ ದಡಕ್ಕೆ ಬಂದಳು. ಕೂಗಿಕೊಂಡದ್ದು ಮಾತ್ರ ಅವಳ ಅಮ್ಮ.

ನೀರು ತಣ್ಣಗೆ ಕೊರೆಯುತ್ತದೆ, ಬೇಸಿಗೆಯಲ್ಲೂ ಕೂಡ. ಬಡಗಣ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳಿದಾಗ ಆಳದ ತಣ್ಣೀರು ಮೇಲೇಳುತ್ತದೆ. ಅದು ಹೊತ್ತುತಂದ ಪೋಷಕಾಂಶಗಳಿಂದ ಇವರ ಸಾರ್ಡಿನ್ ಕೊಬ್ಬುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಬೂತಾಯಿಗೆ ಮೇವು ಒದಗುವುದೂ ಹೀಗೆಯೇ. ನೀರು ಇಷ್ಟು ತಣ್ಣಗಿರುವುದರಿಂದ ಮೈಗೆ ದಪ್ಪ ವೆಟ್‌ಸೂಟ್ ಬಾಡಿಗೆಗೆ ಪಡೆಯುವುದರಲ್ಲಿ ಜಿಪುಣತನ ಬೇಡ.

ಹೋಗುವವರು ಕೇಳಿದರೆ ನಾನು ಹೇಳುವುದು ಇಷ್ಟು: ಮನೆ ಎರಿಸೈರಾದಲ್ಲೇ ಹಿಡಿಯಿರಿ, ಅದೂ ಅಕ್ಟೋಬರಿನ ನಂತರ. ದಿನವೂ ಅಲೆಯ ಮುನ್ಸೂಚನೆ ನೋಡುತ್ತಿರಿ. ದೊಡ್ಡ ಅಲೆ ಬರುತ್ತದೆಂದು ಕಂಡ ದಿನ ಕತ್ತಲಿರುವಾಗಲೇ ಕಾರು ಹತ್ತಿ, ನಜಾರೆಯ ದೀಪಸ್ತಂಭದ ಬಳಿ ಜಾಗ ಹಿಡಿಯಿರಿ. ಮಧ್ಯಾಹ್ನದ ಊಟಕ್ಕೆ ಕೆಳಗಿನ ಊರಿಗೆ ಇಳಿದರಾಯಿತು, ಆ ಹೆಂಗಸರ ಒಣಮೀನು ಕೊಳ್ಳುವುದನ್ನು ಮರೆಯಬೇಡಿ.