ನಾಟಿ ಹೆಂಗಸರ ಊಟದ ಲೆಕ್ಕ

ಭದ್ರಾ ನಾಲೆಗೆ ನೀರು ಬಿಟ್ಟರೆ ಬಸವಾಪಟ್ಟಣ ಸುತ್ತಮುತ್ತ ಭತ್ತದ ನಾಟಿ ಶುರು. ಪತ್ರಿಕೆಗೆ ಸುದ್ದಿ ಕಳಿಸುವಾಗ ನೀರಿನ ಲೆಕ್ಕ ಕೇಳುತ್ತಾರೆ, ಗೊಬ್ಬರದ ಲೆಕ್ಕ ಕೇಳುತ್ತಾರೆ, ಎಕರೆಗೆ ಕೂಲಿ ಎಷ್ಟು ಅಂತ ಕೇಳುತ್ತಾರೆ. ಡೀಸೆಲ್ ದರ ಏರಿದರೂ ಸುದ್ದಿಯೇ. ಗದ್ದೆಗೆ ಇಳಿಯುವ ಹೆಣ್ಣಾಳಿಗೆ ಎಷ್ಟು ಊಟ ಬೇಕು ಅಂತ ಕೇಳಿ ಡೆಸ್ಕಿನಿಂದ ಈವರೆಗೆ ಫೋನ್ ಬಂದಿಲ್ಲ.

ಒಮ್ಮೆ ನಾಟಿ ಫೋಟೊ ತೆಗೆಯಲು ಹೋದಾಗ, ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದ ಹಿರಿಯಾಕೆ ನನಗೇ ಪ್ರಶ್ನೆ ಹಾಕಿದರು: "ಸಸಿ ಏನ್ ಭಾರ ಇರ್ತತೇನಪ್ಪಾ? ಮೂಟೆ ಹೊರೋರಿಗೆ ಸುಸ್ತಾದ್ರೆ ಸರಿ. ನಮ್ ಮೈ ಯಾಕೆ ಹಿಂಗ್ ಸೋಲ್ತತಿ?" ಆ ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದೆ.

ಶಾಲೆಯ ವಿಜ್ಞಾನದಲ್ಲಿ ಕೆಲಸವನ್ನು ಅಳೆಯುವುದು ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತಿದೆವು ಎಂಬುದರಿಂದ. 50 ಕೆಜಿ ಚೀಲವನ್ನು ಒಂದು ಮೀಟರ್ ಎತ್ತಿದರೆ ಸುಮಾರು 490 ಜೂಲ್. ಅದು ಒಂದು ಕಿಲೋ ಕ್ಯಾಲೊರಿಯ ಎಂಟನೇ ಒಂದು ಭಾಗದಷ್ಟೂ ಇಲ್ಲ. ಆ ಅಳತೆಯಲ್ಲಿ ಭತ್ತದ ಸಸಿ ಲೆಕ್ಕಕ್ಕೇ ಬರುವುದಿಲ್ಲ.

ಮೈಯ ಲೆಕ್ಕ ಬೇರೆ. ಉಂಡ ಅನ್ನ, ಮುದ್ದೆ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಜೀವಕೋಶದೊಳಗೆ, ಉಸಿರಾಡಿದ ಆಮ್ಲಜನಕದ ಜೊತೆ ಅದು ಹಂತ ಹಂತವಾಗಿ ಉರಿದು ಎಟಿಪಿ ಆಗುತ್ತದೆ. ದೊಡ್ಡ ನೋಟು ಮುರಿಸಿ ಚಿಲ್ಲರೆ ಮಾಡಿಕೊಂಡ ಹಾಗೆ. ಸ್ನಾಯು ಖರ್ಚು ಮಾಡುವುದು ಈ ಚಿಲ್ಲರೆಯನ್ನೇ. ಬಾಗಿದ ಸೊಂಟ ಅಲ್ಲಾಡದೆ ಇದ್ದರೂ, ಮೈ ಮುಂದಕ್ಕೆ ಬೀಳದ ಹಾಗೆ ಹಿಡಿದಿಡಲು ಬೆನ್ನು, ತೊಡೆಯ ಸ್ನಾಯುಗಳು ಎಟಿಪಿ ಸುಡುತ್ತಲೇ ಇರಬೇಕು. ಬಿಗಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದೂ ಇಲ್ಲ. ಅದರ ಮೇಲೆ ಕೆಸರಿನಿಂದ ಕಾಲು ಕಿತ್ತು ಕಿತ್ತು ಇಡಬೇಕು. ಸ್ನಾಯು ಬಳಸಿದ ಶಕ್ತಿಯಲ್ಲಿ ಕೆಲಸವಾಗಿ ಸಿಗುವುದು ಹೆಚ್ಚೆಂದರೆ ಕಾಲು ಭಾಗ, ಮಿಕ್ಕಿದ್ದು ಶಾಖ. ಆ ಶಾಖ ಕಳೆಯಲೆಂದೇ ಬೆವರು.

ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,660 ಕಿಲೋ ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಯಾಕೆಗೆ 2,130, ಕಠಿಣ ದುಡಿಮೆಯಾಕೆಗೆ 2,720. ಕೂತು ಕೆಲಸ ಮಾಡುವ ಗಂಡಸಿಗೆ 2,110. ನಾಟಿಯನ್ನು ಮಧ್ಯಮ ದುಡಿಮೆ ಎಂದೇ ಹಿಡಿದರೂ, ಕೂತು ಸುದ್ದಿ ಟೈಪ್ ಮಾಡುವ ನನಗಿಂತ ಆಕೆಗೆ ತುಸು ಹೆಚ್ಚೇ ಊಟ ಬೇಕು. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು ಎಂಬುದು ನಿಮಗೂ ಗೊತ್ತು.

2013ರ ಆಹಾರ ಭದ್ರತಾ ಕಾಯ್ದೆಯಡಿ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ. ಅಕ್ಕಿ ಎಂದುಕೊಂಡರೆ ದಿನಕ್ಕೆ 166 ಗ್ರಾಂ, ಸುಮಾರು 590 ಕಿಲೋ ಕ್ಯಾಲೊರಿ. ಅದು ಇಮ್ಮಡಿಯಾದರೂ ಆಕೆಗೆ ಬೇಕಾದ್ದರ ಅರ್ಧದ ಆಸುಪಾಸು. ಮಿಕ್ಕಿದ್ದನ್ನು ಕೂಲಿ ದುಡ್ಡಿನಲ್ಲೇ ಕೊಳ್ಳಬೇಕು.

ಬರೀ ಅನ್ನದಿಂದಲೂ ಆಗುವುದಿಲ್ಲ. ಆಮ್ಲಜನಕ ಹೊರುವ ರಕ್ತಕ್ಕೆ ಕಬ್ಬಿಣಾಂಶ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧ ಜನರಿಗೆ ರಕ್ತಹೀನತೆ ಇದೆ. ಸೌದೆ ಇದ್ದರೂ ಗಾಳಿಯಾಡದ ಒಲೆಯ ಹಾಗೆ ಅವರ ಮೈ. ಸೊಪ್ಪು, ಕಾಳು, ಮೊಟ್ಟೆ ಎಂದು ನಾವು ಸಲಹೆ ಕೊಡಬಹುದು, ಅದಕ್ಕೂ ಅದೇ ಕೂಲಿ ದುಡ್ಡೇ ಆಗಬೇಕು.

ಕೂಲಿಯ ಜೊತೆ ತಿಂಡಿ, ಊಟ ಕೊಡುವ ರೈತರೂ ನಮ್ಮಲ್ಲಿದ್ದಾರೆ. ಅದನ್ನು ಉಪಕಾರ ಅನ್ನುವುದಕ್ಕಿಂತ ಬೇಸಾಯದ ಖರ್ಚು ಅನ್ನುವುದೇ ಸರಿ. ಟ್ರ್ಯಾಕ್ಟರ್ ಬಾಡಿಗೆ ಮಾತಾಡುವಾಗ ಡೀಸೆಲ್ ಯಾರದ್ದು ಅಂತ ಮೊದಲೇ ತೀರ್ಮಾನ ಆಗುತ್ತದೆ. ನಾಟಿಗೆ ಎಕರೆ ಲೆಕ್ಕದಲ್ಲಿ ಮಾತಾಡುವಾಗ ಊಟ ಯಾರದ್ದು ಎಂಬ ಮಾತೂ ಬರಲಿ. ಮುಂದಿನ ನಾಟಿ ಸುದ್ದಿ ಬರೆಯುವಾಗ, ಗೆಳೆಯರೇ, ನಾವೂ ಆ ಒಂದು ಸಾಲು ಸೇರಿಸೋಣ.