ಶಾಸ್ತ್ರಿಗಳು ಹಾರಿದ್ದು

ನಮ್ಮ ನಡುಮನೆಯ ಫ್ಯಾನಿನ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿದೆ: ‘ಶಾಸ್ತ್ರಿಗಳು ಹೊರಗಿದ್ದಾರೆ, ಹಾಕಬೇಡಿ.’ ಬಂದ ನೆಂಟರು ಚೀಟಿ ಓದಿ, ಬೆವರು ಒರೆಸಿಕೊಳ್ಳುತ್ತಾ, ಯಾವ ಶಾಸ್ತ್ರಿಗಳು, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳುತ್ತಾರೆ. ಅಷ್ಟರಲ್ಲಿ ಶಾಸ್ತ್ರಿಗಳು ಅವರ ತಲೆಯ ಮೇಲೇ ಬಂದು ಕೂತಿರುತ್ತಾರೆ.

ಶಾಸ್ತ್ರಿಗಳೆಂದರೆ 90 ಗ್ರಾಂ ತೂಗುವ ಒಂದು ಕಾಕಟೀಲ್. ಆಸ್ಟ್ರೇಲಿಯಾ ಮೂಲದ, ಕಾಕಟೂ ವಂಶದ ಬೂದು ಹಕ್ಕಿ. ಹಳದಿ ಮುಖ, ಎರಡೂ ಕೆನ್ನೆಗೆ ಕಿತ್ತಳೆ ಬೊಟ್ಟು, ನೆತ್ತಿಯ ಮೇಲೆ ಜುಟ್ಟು. ಜುಟ್ಟು ಕಂಡ ದಿನವೇ ಹೆಸರೂ ಬಂತು, ಬಹುವಚನವೂ ಬಂತು. ಮಗಳು ಪುಣೆಗೆ ಕೆಲಸಕ್ಕೆ ಹೊರಡುವ ಮುಂಚೆ ಪಂಜರ ತಂದು ಟೀಪಾಯಿಯ ಮೇಲಿಟ್ಟು, ‘ನಿಂಗೆ ಹೊತ್ತು ಹೋಗುತ್ತೆ ಅಪ್ಪ’ ಎಂದಿದ್ದಳು. ರಿಟೈರ್ ಆದವನಿಗೆ ಲೋಕವೆಲ್ಲ ಹೇಳುವ ಮಾತು ಅದೊಂದೇ. ಅಂಗಡಿಯವನು ಅವಳಿಗೆ ಕೊಟ್ಟ ಭರವಸೆ ಇನ್ನೊಂದು: ‘ಕಟಿಂಗ್ ಮಾಡಿದೀನಿ ಮೇಡಂ, ಎಲ್ಲೂ ಹೋಗಲ್ಲ.’

ಕಟಿಂಗ್! ರೆಕ್ಕೆ ಬಿಡಿಸಿ ನೋಡಿದೆ. ಉದ್ದ ಗರಿಗಳಿರಬೇಕಾದ ಕಡೆ ಬರೀ ಕೂಳೆ. ನನಗೆ ಅಜ್ಜನ ಮನೆಯ ಗಿಳಿ ನೆನಪಾಯಿತು. ತೀರ್ಥಹಳ್ಳಿ ಕಡೆ, ಅಡಕೆ ತೋಟದ ಅಂಚಿನ ಮನೆ. ಅಜ್ಜ ಎಲೆ ತಟ್ಟೆಯ ಪಕ್ಕದಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ರೆಕ್ಕೆ ಕತ್ತರಿಸುತ್ತಿದ್ದರು, ಅಡಕೆ ಕತ್ತರಿಯಲ್ಲೇ. ಪಂಜರದ ಬಾಗಿಲು ಮಾತ್ರ ಎಂದೂ ಹಾಕುತ್ತಿರಲಿಲ್ಲ. ಗಿಳಿ ಇಡೀ ದಿನ ಜಗಲಿಯ ಮೇಲೆ ಶಾನುಭೋಗರ ಗತ್ತಿನಲ್ಲಿ ಓಡಾಡಿ, ಸಂಜೆ ತಾನೇ ನಡೆದು ಒಳಗೆ ಹೋಗುತ್ತಿತ್ತು. ತೋಟದ ಮೇಲೆ ಕಾಡುಗಿಳಿಗಳ ಹಿಂಡು ಕೂಗುತ್ತಾ ಹೋದರೆ ಜಗಲಿಯ ಅಂಚಿಗೆ ಓಡಿ, ಇದ್ದಷ್ಟು ರೆಕ್ಕೆ ಬಿಚ್ಚಿ ಕಿರುಚುತ್ತಿತ್ತು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನಮ್ಮ ಹಸಿರು ಗಿಳಿಯನ್ನು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜ ಪುಣ್ಯವಂತರು, ಹೋಗಿಬಿಟ್ಟರು.

ಕೂದಲು, ಉಗುರಿನ ಹಾಗೆ ಗರಿಯೂ ಬೆಳೆದುಕೊಳ್ಳುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಬಲಿತ ಗರಿ ಸತ್ತ ವಸ್ತು, ಕತ್ತರಿಸಿದರೆ ಕತ್ತರಿಸಿದ ಹಾಗೇ ಇರುತ್ತದೆ. ಆ ಕೂಳೆ ತಾನಾಗಿ ಉದುರಿ, ಅದೇ ಗುಂಡಿಯಿಂದ ಹೊಸದು ಮೂಡಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಕಾದೆ. ಪಂಜರದ ತಳದಲ್ಲಿ ಒಂದೊಂದೇ ಕೂಳೆ ಸಿಕ್ಕಿದಾಗಲೆಲ್ಲ ಮೊಮ್ಮಗುವಿನ ಹಾಲುಹಲ್ಲು ಬಿದ್ದಷ್ಟು ಸಂಭ್ರಮ. ಹೊಸ ಗರಿ ಬರುವಾಗ ಮೇಣದ ಕೊಳವೆಯಂಥ ಪೊರೆ ಸುತ್ತಿಕೊಂಡಿರುತ್ತದೆ, ಒಳಗೆ ರಕ್ತ ಹರಿಯುತ್ತಿರುತ್ತದೆ, ಪೆಟ್ಟಾದರೆ ಸುರಿಯುತ್ತದೆ. ಶಾಸ್ತ್ರಿಗಳು ಕೂತು ಕೊಕ್ಕಿನಿಂದ ಆ ಪೊರೆಯನ್ನು ಕೆದಕಿ ಕೆದಕಿ ಉದುರಿಸುವರು, ಒಳಗಿನಿಂದ ಗರಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದು. ಟೀಪಾಯಿಯ ಮೇಲೆಲ್ಲ ಬಿಳಿ ಪುಡಿ.

ಗರಿಯೇನೋ ಬಂತು, ಶಾಸ್ತ್ರಿಗಳಿಗೆ ಅದು ಗೊತ್ತೇ ಇಲ್ಲ! ಸೋಫಾದಿಂದ ನೆಲಕ್ಕೆ ಇಳಿದು, ಕಾಲ್ನಡಿಗೆಯಲ್ಲಿ ಅಡುಗೆಮನೆಗೆ ಹೋಗುವುದನ್ನೇ ಮುಂದುವರಿಸಿದರು. ನಾನೇ ಪಾಠಕ್ಕೆ ನಿಲ್ಲಬೇಕಾಯಿತು. ಬೆರಳ ಮೇಲೆ ಕೂರಿಸಿಕೊಂಡು ಕೈಯನ್ನು ಸ್ವಲ್ಪ ಕೆಳಗಿಳಿಸಿದರೆ ಹೆದರಿ ರೆಕ್ಕೆ ಬಡಿಯುತ್ತಾರೆ. ಎದೆಯ ಸ್ನಾಯುವಿಗೆ ಅದೇ ಸಾಧನೆ. ನಾಲ್ಕು ಬಡಿತಕ್ಕೆ ಬಾಯಿ ತೆರೆದು ಏದುಸಿರು. ಆಮೇಲೆ ನವಣೆ ತೆನೆಯ ಆಸೆ ತೋರಿಸಿ, ಸೋಫಾದ ಬೆನ್ನಿನಿಂದ ನನ್ನ ಕೈಗೆ. ಮೊದಲ ವಾರ ಒಂದು ಗೇಣು, ಎರಡನೆಯ ವಾರ ಒಂದು ಮೊಳ. ಮಾರು ದೂರಕ್ಕೆ ಬರುವ ಹೊತ್ತಿಗೆ ನನಗೇ ಹುಮ್ಮಸ್ಸು ಹೆಚ್ಚಾಗಿ, ಹೀಗೆ ಹೀಗೆ ಎಂದು ಎರಡೂ ತೋಳು ಬಡಿದು ತೋರಿಸುತ್ತಿದ್ದೆ. ಎದುರು ಬಾಲ್ಕನಿಯವರು ಒಂದು ದಿನ ನನ್ನ ಹೆಂಡತಿಯನ್ನು ತರಕಾರಿ ಗಾಡಿಯ ಹತ್ತಿರ ನಿಲ್ಲಿಸಿ, ‘ಸಾರ್ ಹುಷಾರಾಗಿದಾರಾ?’ ಎಂದರಂತೆ.

ನಿಜವಾದ ಹಾರಾಟವನ್ನು ಕಲಿಸಿದ್ದು ನಾನಲ್ಲ, ಕುಕ್ಕರ್. ಅದು ಕೂಗಿದ ರಭಸಕ್ಕೆ ಶಾಸ್ತ್ರಿಗಳು ಬೆಚ್ಚಿ ಎದ್ದವರು ನಡುಮನೆಯನ್ನು ಮೂರು ಸುತ್ತು ಹೊಡೆದರು. ನಿಲ್ಲುವುದು ಹೇಗೆಂದು ತಿಳಿಯಲಿಲ್ಲ. ಪರದೆಗೆ ಡಿಕ್ಕಿ ಹೊಡೆದು, ಮತ್ತೆ ಎದ್ದು, ಕೊನೆಗೆ ಸಜ್ಜಾದ ಮೇಲಿನ ಹಳೆಯ ಟ್ರಂಕಿಗೆ ಜೋತುಬಿದ್ದು ಹತ್ತಿದರು. ಅಲ್ಲಿಗೆ ಮುಗಿಯಿತು. ಮೇಲೇರುವುದಕ್ಕೆ ಹೆದರಿಕೆ ಸಾಕಾಗಿತ್ತು, ಕೆಳಗಿಳಿಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಗ್ಗಿ ನೋಡುವುದು, ರೆಕ್ಕೆ ಅರ್ಧ ಬಿಚ್ಚುವುದು, ಹಿಂದೆ ಸರಿಯುವುದು. ನಾಲ್ಕು ಗಂಟೆ ಹೊತ್ತು. ಆ ಅರ್ಧ ಬಿಚ್ಚಿದ ರೆಕ್ಕೆಯನ್ನು ನಾನು ಎಲ್ಲೋ ನೋಡಿದ್ದೆ. ಈ ಸಲ ನಗು ಬರಲಿಲ್ಲ.

‘ರೀ, ನೀವೇ ಹತ್ತಿ ಹಾರಿ ತೋರಿಸಿಬಿಡಿ’ ಎಂದಳು ಇವಳು, ಅನ್ನ ಬಡಿಸುತ್ತಾ.

ಹಾರಲಿಲ್ಲ. ಬೀರು, ಅದರ ಪಕ್ಕ ಎತ್ತರದ ಸ್ಟೂಲು, ಕುರ್ಚಿ, ಮೋಡಾ, ಹೀಗೆ ಮೆಟ್ಟಿಲು ಜೋಡಿಸಿ ಒಂದೊಂದರ ಮೇಲೂ ನವಣೆ ತೆನೆ ಇಟ್ಟೆ. ಕತ್ತಲಾಗುವ ಹೊತ್ತಿಗೆ ಇಳಿದು ಬಂದರು, ಏನೂ ಆಗದವರ ಹಾಗೆ. ಹದಿನೈದು ದಿನದಲ್ಲಿ ಗಾಳಿಯಲ್ಲೇ ತಿರುಗಿ, ಬಾಲ ಬಿಚ್ಚಿ ವೇಗ ತಗ್ಗಿಸಿ, ನನ್ನ ಕನ್ನಡಕದ ಮೇಲೆ ಇಳಿಯುವುದನ್ನೂ ಕಲಿತರು. ಕುಕ್ಕರಿನ ಕೂಗನ್ನೂ ಕಲಿತರು. ಮೂರು ಕೂಗಾಯಿತೆಂದು ಒಲೆ ಆರಿಸಿ ನಾವು ಎಷ್ಟು ದಿನ ಅರೆಬೆಂದ ಬೇಳೆ ತಿಂದೆವೋ ಲೆಕ್ಕವಿಲ್ಲ.

ರೆಕ್ಕೆ ಬಂದ ಮೇಲೆ ಭಯವೂ ಬಂತು, ನನಗೆ. ಹೊರಗೆ ಹೋದರೆ ಕಾಗೆ, ಹದ್ದು, ಬೆಕ್ಕು. ದಾರಿ ಗೊತ್ತಿಲ್ಲ, ಹುಡುಕಿ ತಿಂದು ಅಭ್ಯಾಸವಿಲ್ಲ. ಬಡಗಿಯನ್ನು ಕರೆಸಿ ಎಲ್ಲ ಕಿಟಕಿಗೂ ಜಾಲರಿ ಹೊಡೆಸಿದೆ. ಶಾಸ್ತ್ರಿಗಳಿಗೆ ಮಗಳು ಕೊಟ್ಟಿದ್ದರ ಎರಡರಷ್ಟು ಜಾಲರಿಗೆ ಹೋಯಿತು. ಮುಂಬಾಗಿಲಿಗೆ ಇನ್ನೊಂದು ಬಾಗಿಲು. ಕನ್ನಡಿಗೆ ಬಟ್ಟೆ. ಊರಿನಿಂದ ಬಂದ ಅಮ್ಮ ಎಲ್ಲವನ್ನೂ ಸುತ್ತಿ ನೋಡಿ, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: ‘ನಮ್ಮಪ್ಪಯ್ಯ ರೆಕ್ಕೆ ಕತ್ತರಿಸಿ ಬಾಗಿಲು ತೆಗೆದಿಡ್ತಿದ್ರು. ನೀನು ರೆಕ್ಕೆ ಕೊಟ್ಟು ಮನೆಗೇ ಬಾಗಿಲು ಹಾಕಿದೀಯಲ್ಲೋ.’ ನಾನು ಕಾಗೆ, ಹದ್ದು ಎಂದೆಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಯುಗಾದಿಗೆ ಮಗಳು ಬರುತ್ತಿದ್ದಾಳೆ. ಮಧ್ಯಾಹ್ನ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಕಿ ಮಲಗುವುದು ಅವಳಿಗೆ ಚಿಕ್ಕಂದಿನಿಂದ ರೂಢಿ, ಬೇರೆ ಕೋಣೆಯಲ್ಲಿ ನಿದ್ದೆ ಹತ್ತುವುದಿಲ್ಲ. ಸೆಕೆ ಈಗಲೇ ಶುರುವಾಗಿದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೆಯ ಟೇಬಲ್ ಫ್ಯಾನ್ ಇದ್ದರೆ, ಮುಂದಿನ ಜಾಲರಿ ಗಟ್ಟಿಯಾಗಿರುವಂಥದ್ದು, ನಾಲ್ಕು ದಿನದ ಮಟ್ಟಿಗೆ ಕೊಡಿ.