ಕಡಲು ಕುಡಿಯುವ ಕಲ್ಪಾಕ್ಕಂ

ತಮಿಳುನಾಡಿನ ಕಲ್ಪಾಕ್ಕಂ ಪಕ್ಕದ ಸದ್ರಾಸಿನಲ್ಲಿ 17ನೇ ಶತಮಾನದ ಡಚ್ ಕೋಟೆಯೊಂದಿದೆ. ಬಟ್ಟೆ ವ್ಯಾಪಾರಕ್ಕೆ ಬಂದು ಇಲ್ಲೇ ಮಣ್ಣಾದವರ ಗೋರಿಗಲ್ಲುಗಳನ್ನು ನೋಡಿಕೊಂಡು ಆಚೆಯ ಮರಳಿಗೆ ಇಳಿದು ಉತ್ತರಕ್ಕೆ ಕಣ್ಣು ಹಾಯಿಸಿದರೆ, ಬಂಗಾಳ ಕೊಲ್ಲಿಯ ಅಂಚಿನಲ್ಲಿ ಮದ್ರಾಸ್ ಅಣು ವಿದ್ಯುತ್ ಸ್ಥಾವರ. ಅಲ್ಲಿಂದ ಒಂದು ಜೆಟ್ಟಿ ಸಮುದ್ರದೊಳಕ್ಕೆ 400 ಮೀಟರಿಗೂ ದೂರ ಚಾಚಿದೆ. ಅದು ದೋಣಿ ಕಟ್ಟುವುದಕ್ಕಲ್ಲ. ತುದಿಯಲ್ಲಿರುವುದು ಒಂದು ಬಾವಿ. ಸಮುದ್ರದ ನಡುವೆ ಬಾವಿ! ಅದರ ಕಿಂಡಿಗಳಿಂದ ನುಗ್ಗಿದ ನೀರು ನೆಟ್ಟಗೆ ಕೆಳಗಿಳಿದು, 50 ಮೀಟರಿಗೂ ಹೆಚ್ಚು ಆಳದ ಬಂಡೆಯಲ್ಲಿ ಕೊರೆದ 468 ಮೀಟರ್ ಸುರಂಗದಲ್ಲಿ ದಡದ ಕಡೆಗೆ ಹರಿದು, ಪಂಪ್‌ಹೌಸಿನಲ್ಲಿ ಮತ್ತೆ ಮೇಲೇಳುತ್ತದೆ. ಎರಡೂ ಘಟಕ ಓಡುತ್ತಿದ್ದರೆ ಸೆಕೆಂಡಿಗೆ ಸುಮಾರು 35,000 ಲೀಟರ್.

ಇಷ್ಟು ನೀರೇಕೆ ಎಂದು ಕೇಳಿದ್ದಕ್ಕೆ ನಮ್ಮ ಜೊತೆಗಿದ್ದ ಹಾಸನ ಕಡೆಯ ಎಂಜಿನಿಯರ್ ನಕ್ಕರು: “ಒಳಗೆ ಯುರೇನಿಯಂ ಇರ್ಲಿ, ಸೌದೆ ಇರ್ಲಿ, ಮಾಡೋದು ನೀರು ಕಾಯಿಸೋ ಕೆಲಸಾನೇ ಸಾರ್.”

ಒಲೆ ಮಾತ್ರ ವಿಚಿತ್ರ. ಅಡ್ಡ ಮಲಗಿಸಿದ ದೊಡ್ಡ ಉಕ್ಕಿನ ಪಾತ್ರೆಯನ್ನು ಈ ಬದಿಯಿಂದ ಆ ಬದಿಗೆ ಹಾದುಹೋಗುವ 306 ಕೊಳವೆಗಳು. ಒಂದೊಂದರಲ್ಲೂ ಅರ್ಧ ಮೀಟರ್ ಉದ್ದದ ಯುರೇನಿಯಂ ಕಟ್ಟುಗಳ ಸಾಲು. ಕಟ್ಟಿಗೆ 19 ಕಡ್ಡಿ. ಸುತ್ತಲಿನ ಭಾರಜಲ ನ್ಯೂಟ್ರಾನ್‌ಗಳ ಓಟವನ್ನು ತಗ್ಗಿಸುತ್ತದೆ. ನಿಧಾನವಾದ ನ್ಯೂಟ್ರಾನ್ ಮುಂದಿನ ಪರಮಾಣುವನ್ನು ಸುಲಭವಾಗಿ ಒಡೆಯುವುದರಿಂದ ಇಲ್ಲಿ ಸಂಪುಷ್ಟೀಕರಿಸದ ಸಹಜ ಯುರೇನಿಯಂ ಸಾಕು. ನನಗೆ ನಂಬಲು ಕಷ್ಟವಾದದ್ದು, ಉರಿ ಆರಿಸದೆಯೇ ಇಂಧನ ಬದಲಿಸುವ ರೀತಿ. ಕೊಳವೆಯ ಎರಡೂ ತುದಿಗೆ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಹೊಸ ಕಟ್ಟನ್ನು ತಳ್ಳಿದರೆ ಇನ್ನೊಂದು ಸವೆದದ್ದನ್ನು ಈಸಿಕೊಳ್ಳುತ್ತದೆ.

ಈ ಶಾಖದಿಂದ ಎದ್ದ ಹಬೆ ಟರ್ಬೈನ್ ತಿರುಗಿಸಿದ ಮೇಲೆ ತಣಿದು ನೀರಾಗಬೇಕು. ತಣಿಸುವ ಕೆಲಸ ಕಡಲಿನದು. ಹುಟ್ಟುವ ಶಾಖದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ವಿದ್ಯುತ್ತಾಗದೆ ಸಮುದ್ರ ಸೇರುತ್ತದೆ. ಉಪ್ಪುನೀರು ರಿಯಾಕ್ಟರಿನ ಒಡಲಿಗೆ ಹೋಗುವುದಿಲ್ಲ. ಕಂಡೆನ್ಸರಿನಲ್ಲಿ ಹಾದು, ಬೆಚ್ಚಗಾಗಿ, ಕಾಲುವೆಯಲ್ಲಿ ಹಿಂದಿರುಗುತ್ತದೆ.

ನೀರಿನ ಜೊತೆ ಕರೆಯದ ಅತಿಥಿಗಳೂ ಬರುತ್ತಾರೆ. ಮಂಗಳೂರು ಕಡೆ ಸುಕ್ಕ ಮಾಡುವ ಪಚ್ಚಿಲೆ ಎಂಬ ಚಿಪ್ಪುಜೀವಿಗೆ ಈ ಕತ್ತಲ ಸುರಂಗ ಸ್ವರ್ಗ. ಹರಿಯುವ ನೀರೇ ಊಟ ತರುತ್ತದೆ, ಹಿಡಿದು ತಿನ್ನುವವರು ಕಡಿಮೆ. ಒಂದು ಕಾಲಕ್ಕೆ ಗೋಡೆಗಳಿಗೆ ನೂರಾರು ಟನ್ ಚಿಪ್ಪು ಮೆತ್ತಿಕೊಂಡಿತ್ತು. ನೀರಿಗೆ ಕ್ಲೋರಿನ್ ಬೆರೆಸಿ ಅವು ನೆಲೆಯೂರದಂತೆ ತಡೆಯುತ್ತಾರೆ. ಜೆಲ್ಲಿಫಿಶ್ ಹಿಂಡು ಜಾಲರಿಗೆ ಬಡಿದುಕೊಳ್ಳುವ ದಿನಗಳದ್ದು ಬೇರೆಯೇ ಗೋಳು. ಪರಮಾಣು ಒಡೆದವರಿಗೂ ಚಿಪ್ಪಿನ ಚಿಂತೆ ತಪ್ಪಿಲ್ಲ.

ಈ ಸ್ಥಾವರಕ್ಕೆ ಕರ್ನಾಟಕದ ನಂಟೂ ಇದೆ. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ಎಂ.ಆರ್. ಶ್ರೀನಿವಾಸನ್ 1967ರಲ್ಲಿ ಇದರ ಮುಖ್ಯ ಯೋಜನಾ ಎಂಜಿನಿಯರ್ ಆದರು. 1974ರಲ್ಲಿ ಪೋಖ್ರಾನ್ ಅಣು ಸ್ಫೋಟ ನಡೆಯಿತು, ಈ ಬಗೆಯ ರಿಯಾಕ್ಟರ್ ಕಟ್ಟಲು ಕೈಜೋಡಿಸಿದ್ದ ಕೆನಡಾ ನೆರವು ನಿಲ್ಲಿಸಿತು. ಆ ಸ್ಫೋಟದ ಮುಂದಾಳು ತುಮಕೂರಿನ ರಾಜಾ ರಾಮಣ್ಣ! ನಮ್ಮ ಒಬ್ಬರ ಸಾಧನೆ ನಮ್ಮ ಇನ್ನೊಬ್ಬರಿಗೆ ತಲೆನೋವಾಯಿತಲ್ಲ ಎಂದು ಒಳಗೊಳಗೇ ನಗು ಬಂತು. ಹೊರಗಿನಿಂದ ಬರಬೇಕಾದ ಬಿಡಿಭಾಗಗಳನ್ನು ಇಲ್ಲೇ ಮಾಡಲು ಕಲಿಯಬೇಕಾಯಿತು. ತಡವಾದರೂ 1983ರ ಜುಲೈ 2ರಂದು ಮೊದಲ ರಿಯಾಕ್ಟರ್ ಜೀವ ತಳೆಯಿತು. ಎರಡನೆಯದರ ವಾಣಿಜ್ಯ ಉತ್ಪಾದನೆ 1986ರಲ್ಲಿ.

2004ರ ಡಿಸೆಂಬರ್ 26ರ ಭಾನುವಾರ ಸುನಾಮಿ ಎದ್ದು ಕಡಲು ಅದೇ ಸುರಂಗದಿಂದ ತಾನಾಗಿ ನುಗ್ಗಿತು. ಪಂಪ್‌ಹೌಸಿನಲ್ಲಿ ನೀರು ಏರಿ ಪಂಪುಗಳು ಮುಳುಗಿದವು. ಮೊದಲ ಘಟಕ ರಿಪೇರಿಗೆಂದು ಆಗಲೇ ನಿಂತಿತ್ತು. ಓಡುತ್ತಿದ್ದ ಎರಡನೆಯದನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಒಂದು ವಾರದಲ್ಲಿ ಅದು ಮತ್ತೆ ಓಡಿತು. ಆದರೆ ಪಕ್ಕದ ವಸತಿ ಬಡಾವಣೆಯಲ್ಲಿ ಜೀವಗಳು ಹೋದವು. ರಿಯಾಕ್ಟರಿಗೆ ಕೊಟ್ಟ ಎತ್ತರ, ಗೋಡೆ, ಎಚ್ಚರಿಕೆಗಳಲ್ಲಿ ಒಂದಿಷ್ಟನ್ನಾದರೂ ಮನೆಗಳಿಗೆ ಕೊಡಬೇಕಿತ್ತು ಎಂಬುದು ನನ್ನ ಅನಿಸಿಕೆ. ಕಟ್ಟುತ್ತಿದ್ದ 500 ಮೆಗಾವಾಟ್ ಬ್ರೀಡರ್ ರಿಯಾಕ್ಟರಿನ ಅಡಿಪಾಯದ ಗುಂಡಿಯೂ ಅಂದು ನೀರಿನಿಂದ ತುಂಬಿತ್ತು.

ನಮ್ಮ ಕೈಗಾದಲ್ಲಿರುವುದೂ ಇದೇ ವಂಶದ ರಿಯಾಕ್ಟರುಗಳು. ಆದರೆ ಅವು ಕುಡಿಯುವುದು ಕಾಳಿ ನದಿಯ ಕದ್ರಾ ಜಲಾಶಯದ ಸಿಹಿನೀರು, ಪಚ್ಚಿಲೆಯ ಕಾಟವಿಲ್ಲ. 2018ರ ಜನವರಿಯಲ್ಲಿ ಕಲ್ಪಾಕ್ಕಂನ ಮೊದಲ ಘಟಕ ಸೋರಿಕೆಯಿಂದಾಗಿ ನಿಂತು ವರ್ಷಗಟ್ಟಲೆ ಕದಲಲಿಲ್ಲ. ಅದೇ ವರ್ಷದ ಕೊನೆಯ ದಿನ ಕೈಗಾದ ಮೊದಲ ಘಟಕ 962 ದಿನಗಳ ಎಡೆಬಿಡದ ಓಟ ಮುಗಿಸಿತು; ಅಂದಿಗೆ ಅದು ವಿಶ್ವದಾಖಲೆ.